ಗೆರೆಯ ನಯವೂ ಖಣದ ಮೆಟ್ಟಿಲೂ

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರ ಬಳಗದಲ್ಲಿ ಗೆರೆಗೆ ಸಂಬಂಧಿಸಿದ ಒಂದು ಸೌಲಭ್ಯ ಬಳಕೆಯಲ್ಲಿದ್ದು, ಅದನ್ನು ಕೆಲವರು ಸ್ಮೂದಿಂಗ್ ಎಂದೂ ಕೆಲವರು ಸ್ಟೆಬಿಲೈಜರ್ ಎಂದೂ ಕರೆಯುತ್ತಾರೆ. ಪ್ರಸ್ತುತ ಪ್ರಬಂಧದಲ್ಲಿ ಅದಕ್ಕೆ ನಯಗೊಳಿಕೆ ಎಂಬ ಹೆಸರನ್ನು ಇಟ್ಟುಕೊಳ್ಳಲಾಗಿದೆ. ಬರೆಯುವವನ ಕೈ ನಡುಗಿ ಡೊಂಕಾಗಲಿರುವ ಗೆರೆಯನ್ನು, ಅದು ತೆರೆಯ ಮೇಲೆ ಮೂಡುವುದಕ್ಕೆ ಮುನ್ನವೇ ಹಿಡಿದು, ಉಬ್ಬುತಗ್ಗುಗಳನ್ನು ತೆಗೆದು, ಬರೆದವನಿಗೇ ತನ್ನ ಕೈಯ ಬಗ್ಗೆ ಹೊಸ ಗೌರವ ಹುಟ್ಟುವಂತೆ ಮಾಡಿ ತೋರಿಸುವ ಏರ್ಪಾಡೇ ನಯಗೊಳಿಕೆ. ಎಷ್ಟು ತಿದ್ದಬೇಕೆಂಬುದನ್ನು ತಂತ್ರಾಂಶ ತಾನೇ ನಿರ್ಧರಿಸಿದ್ದರೆ ಲೋಕದಲ್ಲಿ ಇನ್ನಷ್ಟು ಚಿತ್ರಗಳು ಮುಗಿದಿರುತ್ತಿದ್ದವು. ಆದರೆ ಆ ಹೊಣೆಯನ್ನು ಬರೆಯುವವನಿಗೇ ಬಿಟ್ಟು, ಅದಕ್ಕಾಗಿ ಸ್ಲೈಡರ್ ಎಂಬ, ಬೆರಳಿನಿಂದಲೋ ಮೌಸಿನಿಂದಲೋ ಹಿಂದೆ ಮುಂದೆ ಸರಿಸಬಹುದಾದ ಒಂದು ಪಟ್ಟಿಯನ್ನು ಒದಗಿಸಲಾಗಿದೆ. ಸೊನ್ನೆಯಿಂದ ನೂರರೊಳಗೆ ಯಾವುದಾದರೊಂದು ಸಂಖ್ಯೆಯನ್ನು ಆರಿಸುವ ಸ್ವಾತಂತ್ರ್ಯ ದೊರೆತ ಕೂಡಲೇ ಮನುಷ್ಯನು ಚಿತ್ರ ಬರೆಯುವುದನ್ನು ಬದಿಗಿಟ್ಟು ಸಂಖ್ಯೆ ಆರಿಸಲು ಕುಳಿತುಬಿಡುತ್ತಾನೆ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಈ ವಿಷಯಕ್ಕೆ ಬೇರೆಡೆ ಇಲ್ಲದ ಒಂದು ತೊಡಕು ಸೇರಿಕೊಂಡಿದೆ. ಬಾದಾಮಿಗೆ ನೆರೆಯಲ್ಲಿರುವ ಈ ಊರು ಹೆಸರಾಗಿರುವುದು ಖಣದಿಂದ. ಖಣವೆಂದರೆ ಕುಪ್ಪಸ ಹೊಲಿಸುವುದಕ್ಕಾಗಿಯೇ ನೇಯುವ, ಒಡಲ ತುಂಬ ಸಣ್ಣ ಬುಟ್ಟಾಗಳನ್ನೂ ಬದಿಗೆ ಅಂಚನ್ನೂ ಹೊತ್ತ ಬಟ್ಟೆ, ಮತ್ತು ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಉಡಿ ತುಂಬುವ ಯಾವ ಸಂದರ್ಭವೂ ಇದಿಲ್ಲದೆ ಪೂರ್ತಿಯಾಗುವುದಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಬಟ್ಟೆಯ ಬುಟ್ಟಾಗಳಿಗೆ ತೇರು, ಆನೆ ಹೆಜ್ಜೆ, ಸೂಜಿ ಮಲ್ಲಿಗೆ, ತೊಟ್ಟಿಲು, ನಾಗಮುರಿಗೆ ಎಂಬ ಹೆಸರುಗಳಿದ್ದು, ಅವುಗಳ ನಕ್ಷೆಯನ್ನು ಚೌಕಳಿ ಗೆರೆಗಳ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ತುಂಬುವುದು ಹಳೆಯ ಕ್ರಮ. ಈಗ ಮಗ್ಗದ ಮನೆಯ ಮಗನೋ ಮೊಮ್ಮಗನೋ ಒಂದು ಪೆನ್ ಟ್ಯಾಬ್ಲೆಟ್ಟನ್ನು ಕೊಂಡುತಂದು, ಕ್ರಿಟಾದಂಥ ಉಚಿತ ತಂತ್ರಾಂಶವೊಂದನ್ನು ಇಳಿಸಿಕೊಂಡು, ಅಜ್ಜನ ಕಾಲದ ತೇರನ್ನು ಹೊಸದಾಗಿ ಬರೆಯುವ ಹುಮ್ಮಸ್ಸಿನಿಂದ ಕೂರುತ್ತಾನೆ. ಅವನನ್ನು ಇಲ್ಲಿ ಅನುಕೂಲಕ್ಕಾಗಿ ನಕ್ಷೆಗಾರ ಎಂದು ಕರೆಯಬಹುದು. ತೇರಿನ ಕಳಸದವರೆಗೆ ಅವನು ತಲುಪುವುದು ಅಪರೂಪ. ಬಹುತೇಕ ಗಾಲಿಯ ಮೊದಲ ಸುತ್ತಿನಲ್ಲೇ ಅವನ ದೃಷ್ಟಿ ನಯಗೊಳಿಕೆಯ ಸ್ಲೈಡರಿನ ಮೇಲೆ ಬೀಳುತ್ತದೆ.

ಗೆರೆ ನಡುಗುವುದೇಕೆಂಬುದನ್ನು ಮೊದಲು ನೋಡಬೇಕು. ಮನುಷ್ಯನ ಕೈ ಎಷ್ಟೇ ಆರೋಗ್ಯವಾಗಿದ್ದರೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಕಣ್ಣಿಗೆ ಕಾಣದಷ್ಟು ಅಲುಗುತ್ತಲೇ ಇರುತ್ತದೆ. ಇದು ರೋಗವಲ್ಲ, ಸ್ನಾಯು ಮತ್ತು ನರಗಳ ಸಹಜ ವ್ಯಾಪಾರ. ಕಾಗದದ ಒರಟುತನವೂ ಪೆನ್ಸಿಲಿನ ಮೊಂಡು ಮೊನೆಯೂ ಈ ಅಲುಗಾಟವನ್ನು ಶತಮಾನಗಳಿಂದ ಗುಟ್ಟಾಗಿ ಮುಚ್ಚಿಟ್ಟುಕೊಂಡು ಬಂದಿದ್ದವು. ಪೆನ್ ಟ್ಯಾಬ್ಲೆಟ್ ಎಂಬ, ಮೇಜಿನ ಮೇಲೆ ಇರಿಸಿ ಸ್ಟೈಲಸ್ ಎಂಬ ಕಡ್ಡಿಯಿಂದ ಬರೆಯುವ ನುಣುಪಾದ ಹಲಗೆಗೆ ಅಂಥ ದಾಕ್ಷಿಣ್ಯವಿಲ್ಲ. ಅದು ಕಡ್ಡಿಯ ಮೊನೆ ಎಲ್ಲಿದೆಯೆಂಬುದನ್ನು ಸೆಕೆಂಡಿಗೆ 200ರಷ್ಟು ಸಲ ಕಂಪ್ಯೂಟರಿಗೆ ವರದಿ ಮಾಡುತ್ತಿದ್ದು, ಆ ವರದಿಯಲ್ಲಿ ಪ್ರತಿಯೊಂದು ಅಲುಗಾಟವೂ ಚಾಚೂ ತಪ್ಪದೆ ಸೇರಿರುತ್ತದೆ. ಇದಕ್ಕೆ ತಂತ್ರಾಂಶ ಕಂಡುಕೊಂಡ ಉಪಾಯ ಸರಾಸರಿ ತೆಗೆಯುವುದು: ಬಂದ ಬಿಂದುವನ್ನು ಬಂದಂತೆ ನಂಬದೆ, ಹಿಂದಿನ 20 ಬಿಂದುಗಳನ್ನು ಕೂಡಿಸಿ ಭಾಗಿಸಿ, ಬಂದ ಉತ್ತರದಲ್ಲಿ ಗೆರೆ ಎಳೆಯುವುದು. 20 ಬಿಂದುಗಳೆಂದರೆ ಸೆಕೆಂಡಿನ ಹತ್ತನೆಯ ಒಂದು ಪಾಲಾದ್ದರಿಂದ, ಅಷ್ಟರೊಳಗೆ ಕೈ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹೋಗಿ ಬಂದಿದ್ದು, ಎರಡೂ ಒಂದಕ್ಕೊಂದು ವಜಾ ಆಗಿ ಗೆರೆ ನೇರವಾಗುತ್ತದೆ. ಆದರೆ ಹಿಂದಿನದನ್ನೆಲ್ಲ ಸೇರಿಸಿ ತೆಗೆದ ಸರಾಸರಿಯು ಎಂದಿಗೂ ಇಂದಿನದಾಗಿರುವುದಿಲ್ಲವಾದ್ದರಿಂದ, ಗೆರೆಯು ಕೈಗಿಂತ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಹಿಂದೆ ಬೀಳುತ್ತದೆ; ನಯಕ್ಕೆ ತೆರಬೇಕಾದ ಬೆಲೆ ಇದೇ, ಮತ್ತು ಈ ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿಲ್ಲ.

ಗುಳೇದಗುಡ್ಡದಲ್ಲಿ ಕೈಯ ಕಂಪನದ ಜೊತೆಗೆ ಗೋಡೆಯ ಕಂಪನವೂ ಇದೆ. ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗವೊಂದು ನಡೆಯುತ್ತಿದ್ದು, ಎರಡು ಮನೆಗೂ ಗೋಡೆ ಒಂದೇ ಆಗಿದ್ದು, ನಕ್ಷೆಗಾರನ ಮೇಜು ಆ ಗೋಡೆಗೆ ಒತ್ತಿ ನಿಂತಿದ್ದರೆ, ಲಾಳಿ ಬಡಿದಾಗಲೆಲ್ಲ ತೇರಿನ ಗಾಲಿಗೆ ಒಂದು ಹಲ್ಲು ಮೂಡುತ್ತದೆ. ಲಾಳಿ ನಿಮಿಷಕ್ಕೆ 120 ಸಲ ಓಡುತ್ತದೆಂದು ಇಟ್ಟುಕೊಂಡರೆ ಸೆಕೆಂಡಿಗೆ ಎರಡು ಬಡಿತಗಳಾಗುತ್ತವೆ. ಈ ಬಡಿತವನ್ನು ಸರಾಸರಿಯಲ್ಲಿ ಕರಗಿಸಬೇಕಾದರೆ ಅರ್ಧ ಸೆಕೆಂಡಿನ ಬಿಂದುಗಳನ್ನೆಲ್ಲ ಕೂಡಿಸಬೇಕಾಗಿದ್ದು, ಆಗ ಗೆರೆ ಕೈಗಿಂತ ಕಾಲು ಸೆಕೆಂಡು ಹಿಂದುಳಿಯುತ್ತದೆ. ಕಾಲು ಸೆಕೆಂಡು ಅಲ್ಪವೆಂದು ತೋರಬಹುದಾದರೂ, ಕೈ ಮಲ್ಲಿಗೆಯ ಮೂರನೆಯ ಎಸಳಿಗೆ ಹೋಗಿರುವಾಗ ಗೆರೆ ಇನ್ನೂ ಎರಡನೆಯದರ ತುದಿಯಲ್ಲಿ ನಿಂತಿರುವುದನ್ನು ನೋಡುತ್ತ ಬರೆಯುವುದು ಎಂಥ ಸಹನಶೀಲನಿಗೂ ಕಷ್ಟ. ಅದೂ ಅಲ್ಲದೆ ಪಕ್ಕದ ಮನೆಯಲ್ಲಿ ಎಳೆ ಹರಿದು ಮಗ್ಗ ನಿಂತಾಗ, ಅಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ವ್ಯರ್ಥವಾಗಿ, ನಕ್ಷೆಗಾರನು ನೆರೆಮನೆಯವರು ಬೇಗ ಎಳೆ ಗಂಟು ಹಾಕಲೆಂದು ಕಾಯಬೇಕಾದ ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದರೆ ಈ ಸಮಸ್ಯೆಯ ಬಹುಪಾಲು ತೀರುತ್ತದೆ. ಆದರೆ ಅದು ಸೆಟಿಂಗಿನ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಯಾರಿಗೂ ಹೊಳೆಯುವುದಿಲ್ಲ.

ಕ್ರಿಟಾ ತಂತ್ರಾಂಶದಲ್ಲಿ ನಯಗೊಳಿಕೆಗೆ ಮುಖ್ಯವಾಗಿ ನಾಲ್ಕು ಬಗೆಗಳು ಇವೆ. ಮೊದಲನೆಯದು ನಯಗೊಳಿಕೆಯೇ ಇಲ್ಲದ ಬಗೆ; ಕೈ ಹೇಗೋ ಗೆರೆಯೂ ಹಾಗೇ, ಹೊಗಳಿಕೆಯೂ ಇಲ್ಲ, ವಂಚನೆಯೂ ಇಲ್ಲ. ಎರಡನೆಯದು ಸಾದಾ ಬಗೆಯಾಗಿದ್ದು, ಇದು ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಹಾಕುವ ಬದಲು ನಸುವಾಗಿ ಬಾಗಿಸಿ ಜೋಡಿಸುತ್ತದೆ. ತಂತ್ರಾಂಶವನ್ನು ಹೊಸದಾಗಿ ತೆರೆದವನಿಗೆ ಮೊದಲು ಸಿಗುವುದು ಇದೇ, ಮತ್ತು ಬಹಳ ಜನರಿಗೆ ಇದೇ ಸಾಕು ಎಂಬ ಮಾತನ್ನು ಇಲ್ಲಿಯೇ ಹೇಳಿ ಮುಗಿಸಬಹುದಾಗಿತ್ತು. ಮೂರನೆಯದು ತೂಕದ ಬಗೆ: ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕವನ್ನೂ ದೂರದವುಗಳಿಗೆ ಕಡಿಮೆ ತೂಕವನ್ನೂ ಕೊಟ್ಟು ಸರಾಸರಿ ತೆಗೆಯುವ ಇದರಲ್ಲಿ, ಗಣಿತಜ್ಞ ಗೌಸನ ಹೆಸರಿನ ಗಂಟೆಯಾಕಾರದ ರೇಖೆಯು ತೂಕ ಹಂಚುವ ಕೆಲಸ ಮಾಡುತ್ತದೆ. ನಾಲ್ಕನೆಯದೇ ಸ್ಟೆಬಿಲೈಜರ್, ಇಲ್ಲಿ ದೂರ, ವಿಳಂಬ, ಗೆರೆ ಮುಗಿಸುವಿಕೆ, ಕಡ್ಡಿಯ ಒತ್ತಡವನ್ನೂ ನಯಗೊಳಿಸಬೇಕೇ, ಚಿತ್ರವನ್ನು ಹಿಗ್ಗಿಸಿ ನೋಡುವಾಗ ಈ ಅಂಕಿಗಳೂ ಅದಕ್ಕೆ ತಕ್ಕಂತೆ ಬದಲಾಗಬೇಕೇ ಎಂಬ ಉಪಪ್ರಶ್ನೆಗಳು ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿದ್ದು, ಒಂದೊಂದಕ್ಕೂ ಉತ್ತರ ಕೊಟ್ಟ ಮೇಲೆ ಮೊದಲನೆಯದಕ್ಕೆ ಕೊಟ್ಟ ಉತ್ತರ ಸರಿಯಾಗಿರಲಿಲ್ಲವೆಂಬ ಸಂಶಯ ತಪ್ಪದೆ ಏಳುತ್ತದೆ.

ಇವುಗಳಲ್ಲಿ ವಿಳಂಬವೆಂಬುದು ವಿಶೇಷ ವಿವರಣೆಗೆ ಅರ್ಹವಾಗಿದೆ. ಅದನ್ನು ಚಾಲೂ ಮಾಡಿದರೆ ಕುಂಚದ ಸುತ್ತ ಒಂದು ವೃತ್ತ ಕಾಣಿಸಿಕೊಳ್ಳುತ್ತದೆ. ಕೈ ಆ ವೃತ್ತದೊಳಗೆ ಎಷ್ಟೇ ಆಡಿದರೂ ಗೆರೆ ಕದಲುವುದಿಲ್ಲ, ವೃತ್ತವನ್ನು ದಾಟಿದಾಗ ಮಾತ್ರ ಕುಂಚ ಹಿಂದೆಯೇ ಹೊರಡುತ್ತದೆ. ಫೋಟೋಶಾಪಿನಲ್ಲಿಯೂ ಇಂಥದೇ ಒಂದು ವಿಧಾನವಿದ್ದು, ಅಲ್ಲಿ ಕೈಗೂ ಕುಂಚಕ್ಕೂ ನಡುವೆ ಕಣ್ಣಿಗೆ ಕಾಣುವಂತೆ ಒಂದು ದಾರವನ್ನೇ ಕಟ್ಟಿರುತ್ತಾರೆ. ಬನಶಂಕರಿಯ ಜಾತ್ರೆಯಲ್ಲಿ ತೇರು ಎಳೆಯುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ: ಮಿಣಿ ಹಿಡಿದವರು ಎಷ್ಟು ಕೂಗಿದರೂ ಅದು ಬಿಗಿಯಾಗುವವರೆಗೆ ತೇರು ಮಿಸುಕುವುದಿಲ್ಲ, ಬಿಗಿಯಾದ ಮೇಲೆ ಹಿಡಿದವರಲ್ಲಿ ಒಬ್ಬಿಬ್ಬರು ಅತ್ತಿತ್ತ ಜಗ್ಗಿದರೂ ತೇರು ತನ್ನ ಗಾಂಭೀರ್ಯವನ್ನು ಬಿಡುವುದಿಲ್ಲ, ಮತ್ತು ಅದನ್ನು ತಿರುಗಿಸುವುದಂತೂ ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದೇ ವ್ಯತ್ಯಾಸವೆಂದರೆ, ದಾರದ ಕುಂಚವು ಚೂಪಾದ ಮೂಲೆಗಳಲ್ಲಿ ತೇರಿಗಿಂತ ಚೆನ್ನಾಗಿ ತಿರುಗುತ್ತದೆ. ಕೈಯನ್ನು ಮೂಲೆಯಲ್ಲಿ ನಿಲ್ಲಿಸಿ, ವೃತ್ತದೊಳಗೇ ದಿಕ್ಕು ಬದಲಿಸಿ, ಮತ್ತೆ ಎಳೆದರೆ ಸುತ್ತಿಗೆಯಿಂದ ಮುರಿದಷ್ಟು ಖಚಿತವಾದ ಕೋನ ಸಿಗುತ್ತದೆ. ಹೀಗಾಗಿ ವಿಳಂಬವೆಂಬ ಹೆಸರಿನಿಂದ ಹೆದರಿ ಇದನ್ನು ಮುಟ್ಟದೆ ಬಿಡುವವರು ನಾಲ್ಕನೆಯ ಬಗೆಯ ಅತ್ಯುಪಯುಕ್ತ ಭಾಗವನ್ನೇ ಕೈಬಿಟ್ಟಂತಾಗುತ್ತದೆ.

ಬೇರೆ ಬೇರೆ ತಂತ್ರಾಂಶಗಳ ಅಳತೆಗಳು ಒಂದಕ್ಕೊಂದು ತಾಳೆಯಾಗದಿರುವುದರಿಂದ ಪಂಡಿತರ ವಾದಕ್ಕೆ ಬೇಕಾದಷ್ಟು ಅವಕಾಶ ದೊರೆತಿದೆ. ಫೋಟೋಶಾಪಿಗೆ 2017ರ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಿಂದ ನಯಗೊಳಿಕೆ ಸೇರಿದ್ದು, ಅದರ ಅಳತೆ ಶೇಕಡಾವಾರಿನಲ್ಲಿದೆ, ತಂತಾನೇ ಇರುವ ಅಂಕಿ 10. ಜಪಾನಿನ ಪೇಂಟ್‌ಟೂಲ್ ಸಾಯಿಯಲ್ಲಿ ಅದು 0ಯಿಂದ 15ರವರೆಗೆ ಏರಿ, ಅಲ್ಲಿಗೂ ತೃಪ್ತಿಯಾಗದವರಿಗಾಗಿ ಎಸ್-1ರಿಂದ ಎಸ್-7ರವರೆಗೆ ಇನ್ನೂ ಏಳು ಮಜಲುಗಳನ್ನು ಏರುತ್ತದೆ. ಐಪ್ಯಾಡಿನ ಪ್ರೊಕ್ರಿಯೇಟಿನಲ್ಲಿ ಇದಕ್ಕೆ ಸ್ಟ್ರೀಮ್‌ಲೈನ್ ಎಂಬ ಹೆಸರಿದ್ದರೂ ಸ್ಟೆಬಿಲೈಸೇಶನ್ ಎಂಬ ಇನ್ನೊಂದು ಸ್ಲೈಡರ್ ಪ್ರತ್ಯೇಕವಾಗಿಯೇ ಇದೆ. ಒಂದರ 40 ಇನ್ನೊಂದರ ಎಷ್ಟಕ್ಕೆ ಸಮವೆಂಬುದಕ್ಕೆ ಕೋಷ್ಟಕವಿಲ್ಲ. ಆದರೂ 37ರಲ್ಲಿ ಗೆರೆಗೆ ಜೀವವಿದೆ, 38ರಲ್ಲಿ ಸತ್ತಿದೆ ಎಂದು ಖಚಿತವಾಗಿ ಹೇಳಬಲ್ಲ ನಕ್ಷೆಗಾರರು ಎಲ್ಲ ಊರುಗಳಲ್ಲೂ ಇದ್ದು, ಅವರು ತಮ್ಮ ಕುಂಚಗಳನ್ನು ‘ಫೈನಲ್’, ‘ಫೈನಲ್ ಎರಡು’, ‘ಖರೇ ಫೈನಲ್’ ಎಂಬ ಹೆಸರುಗಳಲ್ಲಿ ಕಾಪಿಟ್ಟುಕೊಂಡಿರುತ್ತಾರೆ. ಈ ಕುಂಚಗಳಿಂದ ಬರೆದ ಚಿತ್ರಗಳು ಎಲ್ಲಿವೆ ಎಂಬ ಪ್ರಶ್ನೆಯನ್ನು ಅವರಿಗೆ ಕೇಳುವುದು ಸಭ್ಯತೆಯಲ್ಲ.

ಈ ಅವಸ್ಥೆಯಲ್ಲಿ ನಕ್ಷೆಗಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದು ಕುತೂಹಲಕರ. ಮೊದಲ ಗೆರೆ ಡೊಂಕಾದಾಗ ಅವನು ಮಧ್ಯಾಹ್ನ ತಿಂದ ಮಿರ್ಚಿ ಭಜಿಯನ್ನು ಶಂಕಿಸುತ್ತಾನೆ, ಎರಡನೆಯ ಗೆರೆಗೆ ಬಾಗಲಕೋಟೆಯಿಂದ ಬೈಕಿನಲ್ಲಿ ಬಂದ ದಾರಿಯನ್ನು, ಮೂರನೆಯದಕ್ಕೆ ಟ್ಯಾಬ್ಲೆಟ್ಟಿನ ಬೆಲೆಯನ್ನು. ನಾಲ್ಕನೆಯದರಿಂದಾಚೆಗೆ ಸಂಶಯವೆಲ್ಲ ಸ್ಲೈಡರಿನ ಮೇಲೆ ನೆಲೆನಿಂತು, ಕೈಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಸ್ಲೈಡರನ್ನು ಬದಲಿಸಿದ ಕೂಡಲೇ ಅದನ್ನು ಪರೀಕ್ಷಿಸಲೆಂದು ಎಳೆಯುವ ಗೆರೆಯು ಯಾವ ಚಿತ್ರಕ್ಕೂ ಸೇರಿದ್ದಲ್ಲವಾದ್ದರಿಂದ ಅದನ್ನು ಹೆದರಿಕೆಯಿಲ್ಲದೆ ಎಳೆಯಲಾಗುತ್ತದೆ, ಹೆದರಿಕೆಯಿಲ್ಲದೆ ಎಳೆದದ್ದರಿಂದ ಅದು ಚೆನ್ನಾಗಿಯೇ ಬರುತ್ತದೆ, ಚೆನ್ನಾಗಿ ಬಂದದ್ದಕ್ಕೆ ಹೊಸ ಅಂಕಿಯೇ ಕಾರಣವೆಂಬ ಸಿದ್ಧಾಂತ ಸ್ಥಾಪಿತವಾಗುತ್ತದೆ. ಅದೇ ಅಂಕಿಯಲ್ಲಿ ನಿಜವಾದ ತೇರಿನ ಗಾಲಿಗೆ ಕೈಹಾಕಿದಾಗ ಸಿದ್ಧಾಂತ ಮುರಿದುಬೀಳುತ್ತದೆ. ಕುಣಿಮಗ್ಗದಲ್ಲಿ, ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗದಲ್ಲಿ ಕುಳಿತ ಹಿರಿಯರು ಇದನ್ನೆಲ್ಲ ನೋಡುತ್ತಿದ್ದು, “ಯಾಕೋ ತಮ್ಮಾ, ಮುಂಜಾನಿಂದ ಅದೊಂದ ಗೆರಿ ಎಳಿಯಾಕತ್ತೀಯಲ್ಲ, ತೇರ ಯಾವಾಗ ಹೊಂಡತೈತಿ?” ಎಂದು ಕೇಳಿದರೆ, “ಸೆಟಿಂಗ್ ಮಾಡಾಕತ್ತೀನಿ ಮುತ್ಯಾ” ಎಂಬ ಉತ್ತರ ಬರುತ್ತದೆ. ಮಗ್ಗಕ್ಕೂ ಸೆಟಿಂಗ್ ಉಂಟಾದ್ದರಿಂದ ಹಿರಿಯರು ಈ ಉತ್ತರವನ್ನು ಗೌರವದಿಂದ ಒಪ್ಪಿಕೊಂಡು ಲಾಳಿ ಓಡಿಸುತ್ತಾರೆ.

ನಯಗೊಳಿಕೆಯ ಅತಿಯಿಂದ ಆಗುವ ಅನಾಹುತವು ಚಿತ್ರಕ್ಕಿಂತ ಕನ್ನಡ ಅಕ್ಷರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಈ ಸೌಲಭ್ಯವನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಉದ್ದುದ್ದವಾದ ಗೆರೆಗಳು, ಎಂದರೆ ವ್ಯಂಗ್ಯಚಿತ್ರದ ನಾಯಕಿಯ ಹಾರುವ ಕೂದಲು, ವೀರನ ಖಡ್ಗ, ಬೆಟ್ಟದ ಸಾಲು ಇಂಥವು; ಕೊಂಬು, ಸುಳಿ, ತಲೆಕಟ್ಟು, ಒತ್ತುಗಳಿಂದ ತುಂಬಿದ ಕನ್ನಡ ಅಕ್ಷರಮಾಲೆಯು ಅವರ ಲೆಕ್ಕದಲ್ಲಿ ಇದ್ದಂತೆ ತೋರುವುದಿಲ್ಲ. ಒಂದು ಸಣ್ಣ ಸುಳಿಯನ್ನು ಬರೆಯುವವನು ಕಾಲು ಸೆಕೆಂಡಿನಲ್ಲಿ ಸುತ್ತಿ ಮುಗಿಸುತ್ತಾನೆಂದೂ, ಸರಾಸರಿಗೆ ತೆಗೆದುಕೊಳ್ಳುವ ಅವಧಿಯೂ ಕಾಲು ಸೆಕೆಂಡೇ ಆಗಿದೆಯೆಂದೂ ಭಾವಿಸಿದರೆ, ವೃತ್ತದ ಎಲ್ಲ ಬಿಂದುಗಳ ಸರಾಸರಿ ಅದರ ಕೇಂದ್ರವೇ ಆಗಿರುವುದರಿಂದ ಸುಳಿಯು ಸುಳಿವಿಲ್ಲದಂತೆ ಮಾಯವಾಗುತ್ತದೆ. ತಂತ್ರಾಂಶದ ದೃಷ್ಟಿಯಲ್ಲಿ ಕೈಯ ನಡುಕಕ್ಕೂ ಅಕ್ಷರದ ಸುಳಿಗೂ ಭೇದವಿಲ್ಲ, ಎರಡೂ ತಿದ್ದಬೇಕಾದ ದೋಷಗಳೇ. ಸ್ಟೆಬಿಲೈಜರನ್ನು ತುತ್ತತುದಿಗೆ ಏರಿಸಿ, ಅಂಗಡಿಯ ಫಲಕಕ್ಕೆಂದು ಗುಳೇದಗುಡ್ಡ ಎಂಬ ಹೆಸರನ್ನು ಮಾಮೂಲಿ ವೇಗದಲ್ಲಿ ಬರೆದರೆ, ಮೊದಲಿನ ಗುಕಾರದ ಕೊಂಬು ಸವೆದು ಗಕಾರದತ್ತ ಜಾರುತ್ತದೆ, ಳಕಾರವು ತನ್ನ ಸುತ್ತುಗಳನ್ನೆಲ್ಲ ಬಿಚ್ಚಿಕೊಂಡು ಬೇರೆ ಯಾವುದೋ ಲಿಪಿಯ ಕಡೆಗೆ ಹೊರಡುತ್ತದೆ, ದೀರ್ಘದ ಬಾಲ ಸೊರಗುತ್ತದೆ, ಕೊನೆಯ ಡಕಾರದ ಒತ್ತು ಎಲ್ಲಕ್ಕಿಂತ ಚಿಕ್ಕದಾಗಿರುವ ತಪ್ಪಿಗೆ ಅಲ್ಪವಿರಾಮದಷ್ಟಾಗಿ ಕುಗ್ಗುತ್ತದೆ. ಗೆರೆ ಮಾತ್ರ ಬಹಳ ನಯವಾಗಿರುತ್ತದೆ. ಊರಿನ ಹೆಸರು ಓದಲು ಬಾರದಿದ್ದರೂ ನುಣುಪಿನ ವಿಷಯದಲ್ಲಿ ಯಾರೂ ಆಕ್ಷೇಪಿಸುವಂತಿಲ್ಲ. ಇದೇ ಹೆಸರನ್ನು ತೆರೆಯ ತುಂಬ ಹಿಗ್ಗಿಸಿ, ಒಂದೊಂದು ಸುಳಿಗೂ ಒಂದೆರಡು ಸೆಕೆಂಡು ಕೊಟ್ಟು, ನಿಧಾನವಾಗಿ ಬರೆದರೆ ಅದೇ ಸೆಟಿಂಗಿನಲ್ಲಿಯೂ ಅಕ್ಷರಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಏಕೆಂದರೆ ಆಗ ಸರಾಸರಿಯ ಅವಧಿಯೊಳಗೆ ಸುಳಿಯ ಒಂದು ತುಣುಕು ಮಾತ್ರ ಬೀಳುತ್ತದೆ. ವೇಗವೂ ಒಂದು ಸೆಟಿಂಗೇ ಆಗಿದ್ದು, ಅದಕ್ಕೆ ಸ್ಲೈಡರ್ ಇಲ್ಲದ ಕಾರಣ ಅದನ್ನು ಯಾರೂ ಬದಲಿಸಿ ನೋಡುವುದಿಲ್ಲ.

ಕಂಪ್ಯೂಟರಿಗಿಂತ ಹಿಂದೆಯೂ ನಯಗೊಳಿಕೆ ಇದ್ದೇ ಇತ್ತು. ಇಟಲಿಯ ಚಿತ್ರಕಾರ ಜೊತ್ತೋ, ತನ್ನ ಕೌಶಲದ ಮಾದರಿ ಕೇಳಿಕೊಂಡು ಬಂದ ಪೋಪನ ದೂತನಿಗೆ ಕೆಂಪು ಬಣ್ಣದಲ್ಲಿ ಒಂದೇ ಬೀಸಿಗೆ ಬರೆದ ಪರಿಪೂರ್ಣ ವೃತ್ತವನ್ನು ಕೊಟ್ಟುಕಳುಹಿಸಿದನೆಂಬ ಕಥೆಯನ್ನು ಕಲಾವಿದರ ಚರಿತ್ರೆಕಾರ ವಸಾರಿಯು 1550ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳುತ್ತ, ಆಗ ಅವನು ತೋಳನ್ನು ಪಕ್ಕೆಗೆ ಒತ್ತಿಹಿಡಿದು ಕೈಯನ್ನೇ ಕೈವಾರವಾಗಿ ತಿರುಗಿಸಿದನೆಂಬ ವಿವರವನ್ನೂ ಕೊಡುತ್ತಾನೆ. ಎಲ್ಲರೂ ವೃತ್ತವನ್ನು ಮೆಚ್ಚಿ ಮರೆಯುವ ಈ ವಿವರದಲ್ಲಿಯೇ ಜೊತ್ತೋನ ಸ್ಟೆಬಿಲೈಜರ್ ಅಡಗಿದೆ. ಫಲಕ ಬರೆಯುವ ಪೇಂಟರುಗಳು ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ತುದಿಯನ್ನು ಫಲಕಕ್ಕೆ ಆನಿಸಿ, ಅದರ ಮೇಲೆ ಬಲಗೈ ಊರಿ ಬರೆಯುವುದೂ ಇದೇ ಉದ್ದೇಶಕ್ಕೆ. ಮುಂಜಾನೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಹೆಣ್ಣುಮಕ್ಕಳಿಗೆ ಮಾತ್ರ ಕೋಲೂ ಇಲ್ಲ, ಕೈಗೆ ಆಸರೆಯೂ ಇಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿಯನ್ನು ಒಂದೇ ಸಮನೆ ಬಿಡುತ್ತ ಅವರು ಚುಕ್ಕಿಗಳ ಸುತ್ತ ಎಳೆಯನ್ನು ಬಳಸಿ ತರುವ ರೀತಿಗೆ ಇನ್ನೂ ಯಾವ ತಂತ್ರಾಂಶವೂ ಒಂದು ಅಂಕಿಯನ್ನು ಕೊಡಲಾಗಿಲ್ಲ.

ಪ್ರಾಚೀನರಾದರೂ ಸಲಕರಣೆಯ ಬಗ್ಗೆ ಉದಾಸೀನರಾಗಿದ್ದರೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಕುಂಚ ಮಾಡುವ ಕ್ರಮವನ್ನೂ, ದಪ್ಪ, ನಡುತರ, ಸಣ್ಣ ಎಂಬ ಕುಂಚದ ಭೇದಗಳನ್ನೂ ಹೇಳಲಾಗಿದೆ. ಆಗಲೂ ಕರುವನ್ನು ಆರಿಸುವುದರಲ್ಲೇ ದಿನ ಕಳೆದ ಚಿತ್ರಕಾರರು ಇದ್ದಿರಲಿಕ್ಕೆ ಸಾಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಚಿತ್ರದಲ್ಲಿ ಗೆರೆಯನ್ನು ಮೆಚ್ಚುವವರು ಆಚಾರ್ಯರೆಂದೂ, ನೆರಳು ಬೆಳಕಿನ ಹದವನ್ನು ಮೆಚ್ಚುವವರು ಬಲ್ಲವರೆಂದೂ, ಬಣ್ಣದ ಸಮೃದ್ಧಿಗೆ ಉಳಿದ ಜನ ಮರುಳಾಗುವರೆಂದೂ ನೋಡುವವರನ್ನು ವಿಂಗಡಿಸಿದ್ದು, ಗೆರೆ ಎಳೆಯುವ ಮುನ್ನಿನ ಸಿದ್ಧತೆಯನ್ನು ಮೆಚ್ಚುವ ವರ್ಗವೊಂದನ್ನು ಅದರಲ್ಲಿ ಸೇರಿಸಿಲ್ಲ. ನೆರೆಯ ಬಾದಾಮಿಯಲ್ಲಿ, 578ರಲ್ಲಿ ಮಂಗಳೇಶನು ಮಾಡಿಸಿದ ಮೂರನೆಯ ಗುಹೆಯ ಚಾವಣಿಯ ಅಂಚಿನಲ್ಲಿ ಭಿತ್ತಿಚಿತ್ರಗಳ ಚೂರುಪಾರುಗಳು ಇಂದಿಗೂ ಉಳಿದಿದ್ದು, ತಲೆಯೆತ್ತಿ, ತೋಳೆತ್ತಿ, ಕಲ್ಲಿನ ಬಾಗಿದ ಮೈಯ ಮೇಲೆ ಎಳೆದ ಆ ಗೆರೆಗಳಲ್ಲಿ ಅಲ್ಲಲ್ಲಿ ಕೈ ನಡುಗಿರಬಹುದಾದ ಜಾಗಗಳನ್ನು ಹುಡುಕುವುದಕ್ಕೆ ಹದಿನಾಲ್ಕು ಶತಮಾನಗಳ ಮಸಿಯೂ ಮಳೆಯೂ ಅವಕಾಶ ಕೊಟ್ಟಿಲ್ಲ. ಚಿತ್ರಕಾರ ಜೆ. ಎಂ. ಅಹಿವಾಸಿಯವರು ಈ ಚಿತ್ರಗಳ ಪ್ರತಿ ತೆಗೆದಾಗ ತಮ್ಮ ಕೈಯ ಜೊತೆಗೆ ಆ ಹಳೆಯ ಕೈಯ ಓಟವನ್ನೂ ಹಿಡಿಯಬೇಕಾಗಿತ್ತು.

ಕಂಪ್ಯೂಟರಿನೊಳಗೆ ಈ ವಿದ್ಯೆ ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಪಾಲ್ ಹೇಬರ್ಲಿ ಎಂಬಾತ 1989ರಲ್ಲಿ ಡೈನಾಡ್ರಾ ಎಂಬ ಸಣ್ಣ ತಂತ್ರಾಂಶವೊಂದನ್ನು ಬರೆದು, ಕುಂಚಕ್ಕೆ ತೂಕವಿದೆಯೆಂದೂ, ಅದನ್ನು ಕೈಗೆ ಒಂದು ಸ್ಪ್ರಿಂಗಿನಿಂದ ಕಟ್ಟಿದೆಯೆಂದೂ, ಅದು ಓಡುವಾಗ ಘರ್ಷಣೆ ತಡೆಯುತ್ತದೆಯೆಂದೂ ಕಲ್ಪಿಸಿ ಗೆರೆ ಎಳೆಸಿದನು. ತೂಕವನ್ನು ಹೆಚ್ಚಿಸಿ ಘರ್ಷಣೆಯನ್ನು ಇಳಿಸಿದರೆ ಕುಂಚವು ಕೈ ನಿಂತ ಮೇಲೂ ಓಡಿ, ಮುಗ್ಗರಿಸಿ, ಹಿಂದಿರುಗಿ ಬರುತ್ತದೆ. ಕ್ರಿಟಾದಲ್ಲಿ ಇದೇ ತತ್ತ್ವದ ಒಂದು ಕುಂಚ ಇಂದಿಗೂ ಇದ್ದು, ಅದನ್ನು ಒಮ್ಮೆ ಆಡಿ ನೋಡಿದ ನಕ್ಷೆಗಾರನು ಆ ದಿನದ ಕೆಲಸವನ್ನು ಮರೆಯುವುದು ಬಹುತೇಕ ಖಚಿತ.

ಇಷ್ಟೆಲ್ಲ ಪರಿಶ್ರಮದ ಕೊನೆಗೆ ತೇರು ಮುಗಿಯಿತೆಂದೇ ಇಟ್ಟುಕೊಳ್ಳೋಣ. ಗಾಲಿ ಗುಂಡಗಿದೆ, ಕಳಸದ ಇಳಿಜಾರಿನಲ್ಲಿ ಒಂದು ತರಚೂ ಇಲ್ಲ, ಬಳ್ಳಿಗಳು ಎಲ್ಲೂ ತಡವರಿಸದೆ ಹರಿದಿವೆ. ಇನ್ನು ಇದು ಮಗ್ಗಕ್ಕೆ ಹೋಗಬೇಕು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಎಂದೂ, ಅಡ್ಡಕ್ಕೆ ಲಾಳಿ ಒಯ್ಯುವ ಎಳೆಗೆ ಹೊಕ್ಕು ಎಂದೂ ಹೆಸರಾಗಿದ್ದು, ಇವೆರಡು ಸಂಧಿಸುವ ಪ್ರತಿಯೊಂದು ಜಾಗದಲ್ಲೂ ಮೇಲಿರುವುದು ಇದೋ ಅದೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ. ಅರ್ಧ ಮೇಲೆ, ಕಾಲು ಕೆಳಗೆ ಎಂಬ ರಾಜಿಗೆ ನೂಲು ಒಪ್ಪುವುದಿಲ್ಲ. ಆದ್ದರಿಂದ ನಕ್ಷೆಯನ್ನು ಗ್ರಾಫಿನ ಚೌಕಗಳಿಗೆ ಇಳಿಸಿ, ಒಂದೊಂದು ಚೌಕವನ್ನು ತುಂಬಿಯೋ ಖಾಲಿ ಬಿಟ್ಟೋ ತೀರ್ಮಾನಿಸಿ, ಅದರಂತೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯಲಾಗುತ್ತದೆ. ಒಂದು ಬುಟ್ಟಾಕ್ಕೆ 24 ಎಳೆಯ ಅಗಲ ಸಿಕ್ಕಿದೆಯೆಂದರೆ, ಗಾಲಿಯ ಪಾಲಿಗೆ ಬರುವುದು ಏಳೋ ಎಂಟೋ ಚೌಕ. ಅಷ್ಟರಲ್ಲಿ ವೃತ್ತವೆಂಬುದು ನಾಲ್ಕು ಕಡೆಯ ಮೆಟ್ಟಿಲುಗಳ ಒಂದು ಒಪ್ಪಂದ ಮಾತ್ರ. ನಯಗೊಳಿಕೆ 37ರಲ್ಲಿದ್ದಾಗ ಬರೆದ ಗಾಲಿಯೂ 73ರಲ್ಲಿದ್ದಾಗ ಬರೆದ ಗಾಲಿಯೂ, ಮಿರ್ಚಿ ತಿಂದ ಕೈಯಿಂದ ಏನೂ ಇಲ್ಲದೆ ಬರೆದ ಗಾಲಿಯೂ ಗ್ರಾಫಿಗೆ ಇಳಿದ ಮೇಲೆ ಚೌಕಕ್ಕೆ ಚೌಕ ಒಂದೇ ಆಗಿಬಿಡುತ್ತವೆ.

ಮಗ್ಗದಲ್ಲಿ ನಯವೇ ಸಾಧ್ಯವಿಲ್ಲವೆಂದು ಇದರ ಅರ್ಥವಲ್ಲ. ಕಾರ್ಡಿನ ಮಗ್ಗಕ್ಕೆ ತನ್ನ ಹೆಸರು ಕೊಟ್ಟ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡನ ಭಾವಚಿತ್ರವನ್ನು 1839ರಲ್ಲಿ ಲಿಯೋನಿನಲ್ಲಿ ರೇಷ್ಮೆಯಲ್ಲಿ ನೇಯ್ದಾಗ ಅದಕ್ಕೆ ಸುಮಾರು 24,000 ಕಾರ್ಡುಗಳು ಬೇಕಾದವು. ನೋಡಿದವರು ಅದನ್ನು ಅಚ್ಚು ಹಾಕಿದ ಚಿತ್ರವೆಂದೇ ತಿಳಿಯುವಷ್ಟು ಅದು ನಯವಾಗಿತ್ತು. ಎಂದರೆ ಮೆಟ್ಟಿಲುಗಳು ಅಲ್ಲಿಯೂ ಇದ್ದವು, ಕಣ್ಣಿಗೆ ಸಿಗದಷ್ಟು ಸಣ್ಣವಾಗಿದ್ದವು, ಅಷ್ಟೇ. ಖಣಕ್ಕೆ ಅಷ್ಟು ಕಾರ್ಡು ಹೊಡೆಸಿದರೆ ಕುಪ್ಪಸದ ಬೆಲೆಗೆ ಮನೆಯನ್ನೇ ಕಟ್ಟಿಸಬಹುದು.

ಅದಕ್ಕೂ ಮಿಗಿಲಾಗಿ, ಈ ಸೀಮೆಯ ಕೈಗಳು ಮೆಟ್ಟಿಲನ್ನು ಬಚ್ಚಿಡಬೇಕಾದ ಕುಂದೆಂದು ಎಂದೂ ಎಣಿಸಿದಂತಿಲ್ಲ. ಇಳಕಲ್ ಸೀರೆಯ ತೋಪುತೆನೆ ಸೆರಗು ನಿಂತಿರುವುದೇ ಹಲ್ಲುಹಲ್ಲಾದ ಅಂಚುಗಳ ಮೇಲೆ, ಅದರ ಕೆಂಪು ಬಿಳುಪುಗಳು ಒಂದರೊಳಗೊಂದು ಹೊಕ್ಕು ನಿಲ್ಲುವ ಗಡಸಿನ ಮೇಲೆ. ಧಾರವಾಡದ ಕಡೆಯ ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳಿದ್ದು, ಮುರ್ಗಿ ಎಂಬುದಂತೂ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ. ಆ ಹೊಲಿಗೆಯಲ್ಲಿ ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಬಂದಿವೆ, ಬಾಗಿದ ಗೆರೆ ಮಾತ್ರ ಬಂದಿಲ್ಲ, ಮತ್ತು ನವಿಲಿನ ಕೊರಳು ಮುರಿದಿದೆಯೆಂದು ಯಾವ ಹೆಣ್ಣುಮಗಳೂ ಕಸೂತಿ ಹಾಕಿದ ಇಳಕಲ್ ಸೀರೆಯನ್ನು ಹಿಂದಿರುಗಿಸಿಲ್ಲ. ಖಣದ ಆನೆ ಹೆಜ್ಜೆಯನ್ನು ಕೈಯಳತೆಯಿಂದ ನೋಡಿದರೆ ಅದು ಕೆಲವು ಚೌಕಗಳ ಗುಂಪು. ಒಂದು ಮಾರು ದೂರದಿಂದ ನೋಡಿದರೆ ದುಂಡಗಿನ ಹೆಜ್ಜೆ. ನೋಡುವವರ ಕಣ್ಣು ತಾನೇ ಸರಾಸರಿ ತೆಗೆದುಕೊಳ್ಳುವುದರಿಂದ ಅಲ್ಲಿ ನಯಗೊಳಿಕೆಯ ಖರ್ಚು ಗಿರಾಕಿಯದಾಗಿದ್ದು, ನೇಕಾರನಿಗೆ ಅದರ ಚಿಂತೆಯಿಲ್ಲ. ಹಳೆಯ ನಕ್ಷೆಯವರ ಜಾಣ್ಮೆಯಿದ್ದದ್ದು ಯಾವ ಚೌಕವನ್ನು ಬಿಟ್ಟರೆ ಕಣ್ಣು ಮೋಸಹೋಗುತ್ತದೆ ಎಂಬುದನ್ನು ಅರಿತಿದ್ದುದರಲ್ಲಿ. ಒಂದು ಚೌಕ ಹೆಚ್ಚಾದರೆ ತೊಟ್ಟಿಲು ಪೆಟ್ಟಿಗೆಯಾಗುತ್ತದೆ, ಒಂದು ಕಡಿಮೆಯಾದರೆ ಮಲ್ಲಿಗೆಯ ಎಸಳು ಉದುರುತ್ತದೆ. ಈ ವಿವೇಚನೆಗೆ ಸ್ಲೈಡರನ್ನು ಒದಗಿಸುವ ತಂತ್ರಾಂಶ ಬಂದ ದಿನ ಈ ಪ್ರಬಂಧವನ್ನು ತಿದ್ದಬೇಕಾಗುತ್ತದೆ.

ಈ ಚರ್ಚೆಯಿಂದ ಉಪಯೋಗ ಪಡೆಯಬಯಸುವ ಓದುಗರು ಹೀಗೆ ಮಾಡಬಹುದು. ಖಣಕ್ಕೆ ನಕ್ಷೆ ಬರೆಯುವವರು ನಯಗೊಳಿಕೆಯನ್ನು ಪೂರ್ತಿ ತೆಗೆದುಹಾಕಿ, ಒಂದು ಎಳೆಗೆ ಒಂದು ಚೌಕದಂತೆ ಹಾಳೆಯನ್ನು ಚಿಕ್ಕದಾಗಿಟ್ಟುಕೊಂಡು, ಒಂದೇ ಚೌಕದ ಕುಂಚದಿಂದ ಮೊದಲಿನಿಂದಲೇ ಮೆಟ್ಟಿಲುಗಳಲ್ಲಿ ಬರೆಯುವುದು ಒಳ್ಳೆಯದು. ಫಲಕಕ್ಕೋ ಮದುವೆಯ ಕರೆಯೋಲೆಗೋ ಕನ್ನಡ ಅಕ್ಷರ ಬರೆಯುವವರು ಸ್ಟೆಬಿಲೈಜರನ್ನು ನಡುಮಟ್ಟದಲ್ಲಿಟ್ಟು, ವಿಳಂಬದ ವೃತ್ತವನ್ನು ಒತ್ತಕ್ಷರದ ಸುಳಿಗಿಂತ ಚಿಕ್ಕದಾಗಿ ಇರಿಸಿಕೊಂಡು, ನಿಧಾನವಾಗಿ ಬರೆಯಬೇಕು. ಮನಸ್ಸಿಗೆ ತೋಚಿದ್ದನ್ನು ಗೀಚುವವರಿಗೆ ತಂತ್ರಾಂಶ ಕೊಟ್ಟ ಅಂಕಿಯೇ ಧಾರಾಳವಾಗಿ ಸಾಕು. ಪಕ್ಕದ ಮನೆಯಲ್ಲಿ ಮಗ್ಗವಿರುವವರು ಇದಾವುದಕ್ಕೂ ಮುನ್ನ ಮೇಜನ್ನು ಗೋಡೆಯಿಂದ ಒಂದು ಗೇಣು ಸರಿಸಿಕೊಳ್ಳತಕ್ಕದ್ದು.